ಬೆಣ್ಣೆಯ ಶೋಕಗೀತೆ

ಕತಮೋನ್, ಜೆರುಸಲೇಮ್
ಭಾನುವಾರ, 20 ಜೂನ್ 1999

ಮುದ್ದು ನೆಹಾಮಾ,

ನಿನಗೆ ಬರುವುದೆಲ್ಲ ನನಗೇ ಬರಲಿ. ನಿನ್ನ ಅಜ್ಜಿ ಯಾವ ಕಾಗದವನ್ನಾದರೂ ಹೀಗೇ ಶುರುಮಾಡಿಸುತ್ತಿದ್ದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಅವಳು ಹೇಳುವುದು, ನಾನು ಬರೆಯುವುದು. ನಮ್ಮ ಕುರ್ದಿ ಯಹೂದಿ ಹೆಂಗಸರಿಗೆ ಕೂಸು ಕೆಮ್ಮಿದರೂ ಇದೇ ಮಾತು, ಅದರ ಕೇಡು ತಮಗಿರಲಿ ಎಂದು; ಪಕ್ಕದ ಮನೆಯವಳು ಉಪ್ಪು ಕೇಳಲು ಬಂದರೂ ಇದೇ ಮಾತು. ನಾನು ನಾಲ್ಕಕ್ಷರ ಕಲಿತವಳೆಂಬ ಜಂಬದಲ್ಲಿ ಇದನ್ನು ಬಿಟ್ಟುಬಿಟ್ಟಿದ್ದೆ. ಈಗ ಅರವತ್ತು ದಾಟಿದ ಮೇಲೆ ತಾನಾಗಿಯೇ ಬಾಯಿಗೆ ಬರುತ್ತಿದೆ.

ನಿನ್ನ ಕಾಗದ ಪೂರಿಮ್ ಹಬ್ಬದ ವಾರವೇ ಬಂತು. ಮೂರೂವರೆ ತಿಂಗಳು ಉತ್ತರ ಬರೆಯದ ಅತ್ತೆಯನ್ನು ನೀನು ಏನೆಂದು ಬೈದುಕೊಂಡೆಯೋ. ಬೈದುಕೋ, ತಪ್ಪೇನಿಲ್ಲ. ಬೆರಳುಗಳ ಗಂಟು ಹಿಡಿದಿದೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಇದೇ ಬೆರಳುಗಳಲ್ಲಿ ಮೊನ್ನೆ ತಾನೇ ನಗರಸಭೆಯವರಿಗೆ ಕಸದ ತೊಟ್ಟಿಯ ಬಗ್ಗೆ ಆರು ಪುಟ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ಕಟ್ಟಿಹಾಕಿತು. ನಿನ್ನ ಮಗನಿಗೆ ಶಾಲೆಯಲ್ಲಿ ಮನೆತನದ ಕಥೆ ಬರೆದು ತರಲು ಹೇಳಿದ್ದಾರಂತೆ, ಅವನು “ಶಬೋ ತಾತನ ದನಿ ಹೇಗಿತ್ತು?” ಎಂದು ಕೇಳಿದನಂತೆ, ನಿನ್ನ ಅಪ್ಪನ, ನನ್ನ ತಮ್ಮನ, ದನಿ ನಿನಗೇ ಗೊತ್ತಿಲ್ಲದೆ ನನ್ನನ್ನು ಕೇಳಿದ್ದೀಯೆ. ಅದರ ಸುದ್ದಿಗೆ ಆಮೇಲೆ ಬರುತ್ತೇನೆ. ಅಷ್ಟರೊಳಗೆ ಶಾಲೆಗೆ ರಜೆ ಬಂದಿರುತ್ತದೆ ಎಂದು ಗೊತ್ತು. ಕ್ಷಮಿಸು.

ಈಗ ಇಲ್ಲಿಯ ಸುದ್ದಿ. ಪ್ರೊಫೆಸರ್ ಟ್ರಾಯ್‌ಮನ್ನರ ಸಂಗ್ರಹವನ್ನು ‘ಉಳಿಸಲಾಗುತ್ತಿದೆ’. ಪತ್ರಿಕೆಯಲ್ಲಿ ಹಾಗೆಂದೇ ಬಂದಿದೆ, ಫೋಟೋ ಸಮೇತ. ಪ್ರೊಫೆಸರ್ ನಿನಗೆ ನೆನಪಿರಬೇಕು. ಬೇಸಿಗೆಯಲ್ಲಿ ನೀನು ಹೈಫಾದಿಂದ ನನ್ನ ಮನೆಗೆ ಬಂದಾಗ ನಿನ್ನ ಕೆನ್ನೆ ಹಿಂಡಿ, ಜೇಬಿನಿಂದ ಚಾಕೊಲೇಟು ತೆಗೆದು ತೋರಿಸಿ, “ಊಟ ಆದ ಮೇಲೆ” ಎಂದು ಮತ್ತೆ ಜೇಬಿಗೇ ಹಾಕಿಕೊಂಡು ಹೋದ ಮಹಾಶಯರು ಅವರೇ. ಅವರಿಗೆ ನಾನು ಇಪ್ಪತ್ತೊಂದು ವರ್ಷ ಟೈಪಿಸ್ಟು, ದುಭಾಷಿ, ಚಹಾ ಕಾಸುವವಳು, ಛತ್ರಿ ಹುಡುಕಿಕೊಡುವವಳು. ಎರಡು ಸಾವಿರ ವರ್ಷದ ಹಿಂದೆ ಇದೇ ಊರಿನ ದೇವಾಲಯದ ಗಾಯಕರಾದ ಲೇವಿಯರು ಏನು ಹಾಡುತ್ತಿದ್ದರೋ ಅದು ಯೆಮೆನಿನ, ಜೆರ್ಬಾದ, ಬಾಗ್ದಾದಿನ, ನಮ್ಮ ಕುರ್ದಿ ಬೆಟ್ಟಗಳ ಮುದುಕ ಮುದುಕಿಯರ ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದನ್ನು ತಾವು ಜರಡಿ ಹಿಡಿದು ತೆಗೆಯುತ್ತೇವೆ ಎಂಬುದು ಅವರ ಜೀವಮಾನದ ಹಟ. ಮುದುಕಿಯರು ಬರೀ ಗಂಟಲುಗಳಲ್ಲ, ಅವರಿಗೆ ತಲೆಯೂ ಇದೆ ಎಂಬುದು ಮಾತ್ರ ಅವರಿಗೆ ಕೊನೆಯವರೆಗೂ ಹೊಳೆಯಲಿಲ್ಲ.

ಅವರು ಸತ್ತು ಹದಿನೇಳು ವರ್ಷವಾಯಿತು. ಅಷ್ಟೂ ವರ್ಷ ಎರಡು ಸಾವಿರ ಟೇಪಿನ ಸುರುಳಿಗಳು ಸಂಸ್ಥೆಯ ನೆಲಮಾಳಿಗೆಯಲ್ಲಿ, ಸೋರುವ ನೀರಿನ ಪೈಪಿನ ಕೆಳಗೆ ಇದ್ದವು. ನಾನು ವರ್ಷಕ್ಕೊಂದು ಕಾಗದ ಬರೆದೆ. ಒಬ್ಬ ನಿರ್ದೇಶಕ ಹೋಗಿ ಇನ್ನೊಬ್ಬ ಬಂದ, ಪೈಪು ಮಾತ್ರ ಅದೇ ಇತ್ತು. ಈಗ ಜ್ಯೂರಿಕ್ಕಿನ ಯಾರೋ ಪುಣ್ಯಾತ್ಮರು ಕೈ ಬಿಚ್ಚಿದ್ದಾರೆ, ಇವರಿಗೆಲ್ಲ ಒಮ್ಮೆಲೇ ಪ್ರಾಚೀನ ಸಂಗೀತದ ಮೇಲೆ ಪ್ರೀತಿ ಉಕ್ಕಿದೆ.

ಹೊಸ ನಿರ್ದೇಶಕನ ಹೆಸರು ಡಾಕ್ಟರ್ ಲಿಪ್ಕಿನ್. ಪಾಸೋವರ್ ಹಬ್ಬ ಮುಗಿದ ವಾರ ಕೇಕು ಹಿಡಿದುಕೊಂಡು ಮನೆಗೆ ಬಂದ. ನನಗೆ ಬೆಣ್ಣೆ ಹಚ್ಚಲು ಬಂದಿದ್ದಾನೆಂದು ಬಾಗಿಲಲ್ಲೇ ಗೊತ್ತಾಯಿತು.

“ನಾಜೆ ಅವರೇ, ನೀವಿಲ್ಲದೆ ಈ ಸಂಗ್ರಹ ಇಲ್ಲ,” ಅಂದ.

“ನಾನಿಲ್ಲದೇನೇ ಹದಿನೇಳು ವರ್ಷ ಇತ್ತಲ್ಲಪ್ಪ, ಪೈಪಿನ ಕೆಳಗೆ.”

“ಆಗ ನಾನಿರಲಿಲ್ಲ.”

“ಪಾಪ, ಪೈಪಿಗೆ ಅದು ಗೊತ್ತಾಗಲಿಲ್ಲ.”

ನಕ್ಕ. ಇಂಥವರಿಗೆ ಬೈದರೂ ಅದು ‘ಮೂಲನಿವಾಸಿಗಳ ಹಾಸ್ಯ’ವಾಗಿ ಕೇಳಿಸುತ್ತದೆ. ಆಮೇಲೆ ಜೇಬಿನಿಂದ ಬಿಳಿ ಹತ್ತಿಯ ಕೈಗವಸು ತೆಗೆದು ಎರಡೂ ಕೈಗೆ ಹಾಕಿಕೊಂಡು, ತಾನು ತಂದಿದ್ದ ಒಂದು ಹಳೆಯ ರಟ್ಟಿನ ಡಬ್ಬಿಯನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ನನ್ನ ಮೇಜಿನ ಮೇಲಿಟ್ಟ. ಅದು ಯಾಫಾ ರಸ್ತೆಯ ಚಪ್ಪಲಿ ಅಂಗಡಿಯಿಂದ ನಾನೇ ಬೇಡಿ ತಂದ ಬೂಟಿನ ಡಬ್ಬಿ. ಟೇಪು ಇಡಲು ಬೇರೆ ಏನೂ ಇರಲಿಲ್ಲ. ಈಗ ಇವರ ಹೊಸ ಪಟ್ಟಿಯಲ್ಲಿ ಅದಕ್ಕೆ ‘ಮೂಲ ಹೊದಿಕೆ’ ಎಂದು ಹೆಸರು. ಡಬ್ಬಿಯ ಮೇಲೆ 42 ಎಂದಿತ್ತು. ಅದರ ಅರ್ಥ ಕಂಡುಹಿಡಿಯಲು ಇಬ್ಬರು ಪದವೀಧರರು ಒಂದು ವಾರ ತಲೆ ಕೆಡಿಸಿಕೊಂಡು, ‘ನಲವತ್ತೆರಡನೇ ಶ್ರೇಣಿ’ ಎಂದು ಬರೆದಿದ್ದಾರಂತೆ. ಅದು ಬೂಟಿನ ಅಳತೆ ಎಂದು ನಾನು ಹೇಳಲಿಲ್ಲ. ಉಳಿದ ನಲವತ್ತೊಂದು ಶ್ರೇಣಿಗಳನ್ನು ಅವರು ಹುಡುಕುತ್ತಿರಲಿ.

ಆಮೇಲೆ ಅವನು ಹೇಳಿದ್ದು ಕೇಳಿ ನನ್ನ ನಗು ನಿಂತುಹೋಯಿತು. ಸಂಗ್ರಹದಿಂದ ಆರಿಸಿದ ಹಾಡುಗಳ ಒಂದು ಡಿಸ್ಕ್ ಹೊರತರುತ್ತಾರಂತೆ. ಅದರಲ್ಲಿ ಮೊಟ್ಟಮೊದಲನೆಯದು ಹದಿನೇಳನೇ ಸುರುಳಿ: ‘ಆವ್ ತಿಂಗಳ ಒಂಬತ್ತರ ಶೋಕಗೀತೆ. ಮಾಹಿತಿದಾರಳು: ಖಾತೂನ್, ಸುಮಾರು ಎಪ್ಪತ್ತು ವರ್ಷ, ಅನಕ್ಷರಸ್ಥೆ.’ ಅಂದರೆ ನಿನ್ನ ಅಜ್ಜಿ. ಆಗ ಅವಳಿಗೆ ಐವತ್ತೊಂದು. ‘ಸುಮಾರು ಎಪ್ಪತ್ತು’ ಎಂದು ಪ್ರೊಫೆಸರ್ ಹೇಳಿದರು, ನಾನು ಟೈಪು ಮಾಡಿದೆ. ಹೆತ್ತ ತಾಯಿಯನ್ನು ಮಾಹಿತಿದಾರಳು ಎಂದು ಟೈಪು ಮಾಡಿದ ಕೈ ಇದು.

ಆ ಹದಿನೇಳನೇ ಸುರುಳಿಯ ಕಥೆ ನಿನಗೆ ಹೇಳಬೇಕು. ನೀನು ಹೈಫಾದಲ್ಲಿ ಬೆಳೆದವಳು, ನಿನ್ನ ಅಮ್ಮನ ಮನೆಯಲ್ಲಿ ನಮ್ಮ ಭಾಷೆಯೂ ಇರಲಿಲ್ಲ, ನಮ್ಮ ಹೆದರಿಕೆಗಳೂ ಇರಲಿಲ್ಲ.

1961ರ ಚಳಿಗಾಲ. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪ್ರೊಫೆಸರ್ ಟೇಪಿನ ಯಂತ್ರ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ನಿನ್ನ ಅಜ್ಜಿ ಹುಳಿ ಸಾರಿನಲ್ಲಿ ಮಾಂಸ ತುಂಬಿದ ಕುಬ್ಬೆ ಉಂಡೆಗಳನ್ನು ಬೇಯಿಸಿಟ್ಟಿದ್ದಳು. ಮಹಾಶಯರು ಹನ್ನೊಂದು ಕುಬ್ಬೆ ತಿಂದು, ಬಾಯಿ ಒರೆಸಿಕೊಂಡು, ಯಂತ್ರದ ಮುಚ್ಚಳ ತೆಗೆದರು.

“ಇದೇನೇ ಇದು, ಹೊಲಿಗೆ ಮಿಷಿನ್ನಾ?” ಅಂದಳು ನಿನ್ನ ಅಜ್ಜಿ. “ನನ್ನ ಲಂಗ ಹರಿದಿರೋದು ಇವನಿಗೆ ಹೇಗೆ ಗೊತ್ತಾಯ್ತು?”

ಅವರು ಕೇಳಿದ್ದು ಬೇಸಿಗೆಯ ಆವ್ ತಿಂಗಳ ಒಂಬತ್ತರ ರಾತ್ರಿಯ ಹಾಡನ್ನು. ದೇವಾಲಯ ಬಿದ್ದ ದಿನದ ಶೋಕಕ್ಕೆ ನಮ್ಮ ಹೆಂಗಸರು ನೆಲದ ಮೇಲೆ ಕೂತು ಹಾಡುತ್ತಿದ್ದ ಹಾಡು. ವರ್ಷಕ್ಕೆ ಒಂದೇ ರಾತ್ರಿ ಅದಕ್ಕೆ ಅಪ್ಪಣೆ. ಬೇರೆ ದಿನ ಮನೆಯೊಳಗೆ ಅದನ್ನು ಹಾಡಿದರೆ ಸಾವಿಗೆ ಬಾಗಿಲು ತೆರೆದ ಹಾಗೆ; ಆ ಮನೆಯಲ್ಲಿ ಅಳುವುದಕ್ಕೆ ಏನೋ ಇದೆ ಎಂದುಕೊಂಡು ಅದು ಒಳಗೆ ಬರುತ್ತದೆ. ನಿನ್ನ ಅಜ್ಜಿ ಮಾತ್ರ ಅಲ್ಲ, ನಮ್ಮ ಓಣಿಯ ಯಾವ ಹೆಂಗಸೂ ಅದರ ಒಂದು ಸಾಲನ್ನು ಗುನುಗುತ್ತಿರಲಿಲ್ಲ.

“ಚಳಿಗಾಲದ ಶ್ವಾತ್ ತಿಂಗಳಲ್ಲಾ? ಮನೆ ಒಳಗಾ? ಇವನಿಗೆ ತಲೆ ನೆಟ್ಟಗಿದೆಯಾ ಕೇಳು,” ಅಂದಳು.

“ನಿಮ್ಮ ತಾಯಿಗೆ ಹೇಳಿ, ಇದು ವಿಜ್ಞಾನ,” ಅಂದರು ಪ್ರೊಫೆಸರ್.

“ವಿಜ್ಞಾನಕ್ಕೆ ಹೇಳು, ಆವ್ ತಿಂಗಳಿಗೆ ಬಾ ಅಂತ.”

ನನಗೆ ಇಪ್ಪತ್ತಮೂರು ವರ್ಷ, ಮೊದಲ ಕೆಲಸ, ಹೊಸ ಬೂಟು. ನಾಚಿಕೆಯಿಂದ ಸತ್ತುಹೋದೆ. “ಅಮ್ಮಾ, ದೊಡ್ಡ ಮನುಷ್ಯರ ಎದುರಿಗೆ ನನ್ನ ಮರ್ಯಾದೆ ತೆಗೀಬೇಡ,” ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಚಾಪೆಯ ಮೇಲೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಭಾರೀ ದುಃಖದ ಮುಖ ಮಾಡಿ, ನಿಧಾನವಾಗಿ ಎಳೆದು ಎಳೆದು ಹಾಡಿದಳು. ಹಾಡಿದ್ದು ಬೆಣ್ಣೆಯ ಹಾಡು.

ಬೆಟ್ಟದ ನಮ್ಮೂರಲ್ಲಿ ಮೊಸರನ್ನು ಆಡಿನ ತೊಗಲಿನ ಚೀಲಕ್ಕೆ ತುಂಬಿ, ಮೂರು ಕೋಲಿಗೆ ತೂಗುಹಾಕಿ, ಹಿಂದೆ ಮುಂದೆ ತೂಗಿ ಕಡೆಯುತ್ತಿದ್ದರು. ಆಗ ಹಾಡುವ ಹಾಡು:

ಬಾ ಬೆಣ್ಣೆ ಬಾ, ಬೆಕ್ಕು ಬರುವ ಮುಂಚೆ ಬಾ,
ಅತ್ತೆ ಏಳುವ ಮುಂಚೆ ಬಾ, ಒಂದು ಮುದ್ದೆ ನನ್ನ ಬಾಯಿಗೆ.

ಪ್ರೊಫೆಸರರಿಗೆ ಬರುತ್ತಿದ್ದುದು ತಾಲ್ಮೂದ್ ಧರ್ಮಗ್ರಂಥದ ಅರಮಾಯಿಕ್ ಭಾಷೆ, ನಮ್ಮ ಅಡುಗೆಮನೆಯದಲ್ಲ. ಕಣ್ಣು ತೇವ ಮಾಡಿಕೊಂಡು, “ಭಾಷಾಂತರ, ನಾಜೆ, ಭಾಷಾಂತರ!” ಅಂದರು. ನಾನು ಏನು ಮಾಡಲಿ? ಅಮ್ಮ ನಿಮಗೆ ಟೋಪಿ ಹಾಕುತ್ತಿದ್ದಾಳೆ ಅನ್ನಲೇ? ನಿಂತ ಜಾಗದಲ್ಲೇ ಹೊಸೆದೆ:

ಬಾ ಮಗನೇ ಬಾ, ಶತ್ರು ಬರುವ ಮುಂಚೆ ಬಾ,
ಸೂರ್ಯ ಏಳುವ ಮುಂಚೆ ಬಾ, ಒಂದು ಮುತ್ತು ನನ್ನ ಬಾಯಿಗೆ.

ಈ ಎರಡು ಸಾಲಿನ ಮೇಲೆ ಒಬ್ಬ ಮನುಷ್ಯ ಮೂರು ಪುಸ್ತಕ ಬರೆದ ಎಂದರೆ ನಂಬುತ್ತೀಯಾ? ಆ ಹಿಂದೆ ಮುಂದೆ ತೂಗುವ ಲಯ ಇದೆಯಲ್ಲ, ಅದು ಬಾಬಿಲೋನಿನ ನದಿಯ ದಡದಲ್ಲಿ ಸೆರೆಯಾಳುಗಳು ಅಳುತ್ತಾ ತೂಗಾಡಿದ ಲಯವಂತೆ. ಅದಕ್ಕೆ ‘ಟ್ರಾಯ್‌ಮನ್ ತೂಗು’ ಎಂದೇ ಹೆಸರು ಬಂತು. ವಿಯೆನ್ನಾದಲ್ಲಿ ಭಾಷಣ, ಲಂಡನ್ನಿನಲ್ಲಿ ಭಾಷಣ. ಮೂವತ್ತೆಂಟು ವರ್ಷದಲ್ಲಿ ಇಷ್ಟು ಜನ ವಿದ್ವಾಂಸರಲ್ಲಿ ಒಬ್ಬನಾದರೂ ಬಸ್ಸು ಹತ್ತಿ ಕತಮೋನಿಗೆ ಬಂದು, ಬಾಗಿಲ ಮುಂದೆ ಕೂತ ಯಾವುದಾದರೂ ಮುದುಕಿಗೆ ಇದನ್ನು ಕೇಳಿಸಿ, “ಇದೇನಮ್ಮಾ?” ಎಂದು ಕೇಳಲಿಲ್ಲ. ಅವರು ನನ್ನನ್ನು ನಂಬಿದರು ಅಂದುಕೊಳ್ಳಬೇಡ. ಮುದುಕಿಗೆ ಬುದ್ಧಿ ಇಲ್ಲ ಎಂಬುದನ್ನು ನಂಬಿದರು, ಅಷ್ಟೇ.

ಮೊನ್ನೆ ಗುರುವಾರ ಸಂಸ್ಥೆಯಲ್ಲಿ ಸಮಾರಂಭ. ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಮೊದಲನೇ ಸಾಲು ಜ್ಯೂರಿಕ್ಕಿನವರಿಗೆ. ನನ್ನ ಪಕ್ಕದಲ್ಲಿ ‘ಸಮುದಾಯದ ಪ್ರತಿನಿಧಿ’ ಎಂದು ನಮ್ಮ ಓಣಿಯ ಮುರ್ದಾಖ್ ಮಾಮ. ಎಂಬತ್ತು ದಾಟಿದೆ, ನಿನ್ನ ಅಪ್ಪನಿಗೆ ಕಲ್ಲು ಕೆಲಸ ಕಲಿಸಿದವನು ಅವನೇ. ತಲೆಗೆ ರುಮಾಲು ಸುತ್ತಿಕೊಂಡೇ ಬರಬೇಕೆಂದು ಅವನಿಗೆ ಹೇಳಿಕಳಿಸಿದ್ದರಂತೆ. ಮೂವತ್ತು ವರ್ಷದಿಂದ ಬಟ್ಟೆಯ ಟೋಪಿ ಹಾಕುವ ಮನುಷ್ಯ, ಹೆಂಡತಿಯ ಮೇಜುಬಟ್ಟೆ ಸುತ್ತಿಕೊಂಡು ಬಂದಿದ್ದ.

ಲಿಪ್ಕಿನ್ ಮುಕ್ಕಾಲು ಗಂಟೆ ಮಾತಾಡಿದ. ಕಪ್ಪು ಬಟ್ಟೆ ತೊಟ್ಟ ಹನ್ನೆರಡು ಜನ ಸಾಲಾಗಿ ನಿಂತು ‘ಟ್ರಾಯ್‌ಮನ್ ತೂಗ’ನ್ನು ನಾಲ್ಕು ಸ್ವರಗಳಲ್ಲಿ ಹಾಡಿದರು. ಆಮೇಲೆ ದೀಪ ಸಣ್ಣ ಮಾಡಿ, ಎಲ್ಲರೂ ಎದ್ದು ನಿಲ್ಲಬೇಕೆಂದು ಹೇಳಿ, ಮೂಲ ಧ್ವನಿಯನ್ನು ಹಾಕಿದರು.

ನಿನ್ನ ಅಜ್ಜಿಯ ದನಿ, ನೆಹಾಮಾ. ಇಪ್ಪತ್ತು ವರ್ಷದ ಮೇಲೆ ಕೇಳಿದೆ. ಸುತ್ತಲೂ ಇನ್ನೂರು ಜನ ತಲೆ ತಗ್ಗಿಸಿ ನಿಂತಿದ್ದಾರೆ, ಜ್ಯೂರಿಕ್ಕಿನ ಹೆಂಗಸು ಕರವಸ್ತ್ರ ತೆಗೆದಿದ್ದಾಳೆ, ನಿನ್ನ ಅಜ್ಜಿ ಬೆಣ್ಣೆಯನ್ನು ಕರೆಯುತ್ತಿದ್ದಾಳೆ. ಪಕ್ಕದಲ್ಲಿ ನೋಡಿದರೆ ಮುರ್ದಾಖ್ ಮಾಮನ ಭುಜ ಕುಲುಕುತ್ತಿದೆ. ಹಿಂದಿನ ಸಾಲಿನವಳೊಬ್ಬಳು ಅವನ ಬೆನ್ನು ಸವರಿ, “ಸಮಾಧಾನ ಮಾಡ್ಕೊಳ್ಳಿ,” ಅಂದಳು. ಅವನು ತಡೆಯಲಾರದೆ ನನ್ನ ಕಡೆ ತಿರುಗಿ, ಸಭೆಗೆಲ್ಲ ಕೇಳುವ ಹಾಗೆ, ನಮ್ಮ ಭಾಷೆಯಲ್ಲಿ ಕೂಗಿದ:

“ಏ ನಾಜೆ! ಬೆಣ್ಣೆ ಬಂತೇನೇ? ಇಲ್ಲಾ ಬೆಕ್ಕೇ ತಿಂದ್ಕೊಂಡು ಹೋಯ್ತಾ?”

ಲಿಪ್ಕಿನ್ ಬಾಗಿ, “ಏನಂದರು? ಏನಂದರು?” ಅಂದ.

“ಇಷ್ಟು ವರ್ಷ ಕಾದಿದ್ದು ಬಂತೇ ಅಂತ ಕೇಳ್ತಿದ್ದಾರೆ,” ಅಂದೆ.

ಅದನ್ನು ಅವನು ಪುಸ್ತಕದಲ್ಲಿ ಬರೆದುಕೊಂಡ. ಮುರ್ದಾಖ್ ಮಾಮ ಮೇಜುಬಟ್ಟೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, “ಖಾತೂನ್ ಅಕ್ಕ ಸತ್ತು ಇಪ್ಪತ್ತು ವರ್ಷ ಆದ್ರೂ ಇವರಿಗೆಲ್ಲ ಎಂಥಾ ಮಂಕುಬೂದಿ ಎರಚಿದ್ಳಲ್ಲೇ!” ಅಂದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮಿಬ್ಬರ ಫೋಟೋ ಪತ್ರಿಕೆಯಲ್ಲಿ ಬಂದಿದೆ, ಕೆಳಗೆ ‘ಭಾವೋದ್ವೇಗದಲ್ಲಿ ಸಮುದಾಯದ ಹಿರಿಯರು’ ಎಂದು ಬರೆದಿದ್ದಾರೆ. ಅದನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮಗನಿಗೆ ತೋರಿಸು.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ನಗುವ ಕಾಗದವಾಗುತ್ತಿತ್ತು.

ಆ ಸಂಸ್ಥೆಯಲ್ಲಿ ಕೆಲಸ ಬರುವವಳು ಒಬ್ಬಳೇ ಒಬ್ಬಳು. ಲ್ಯುಬಾ ಅಂತ, ಲೆನಿನ್‌ಗ್ರಾಡಿನ ರೇಡಿಯೋದಲ್ಲಿ ಮೂವತ್ತು ವರ್ಷ ಇದ್ದು ಇಲ್ಲಿಗೆ ಬಂದವಳು. ಹಳೆಯ ಟೇಪುಗಳನ್ನು ಒಂದೊಂದೇ ಓಡಿಸಿ ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ಕೈಗವಸು ಹಾಕುವುದಿಲ್ಲ, ಸಮಾರಂಭಕ್ಕೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನು ತನ್ನ ಕೋಣೆಗೆ ಕರೆದು, ನಾನೇ ಬರೆದಿಟ್ಟಿದ್ದ ಹಳೆಯ ದಾಖಲೆಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘17-ಬ’. ಅದರ ಮೇಲೆ ಗೀಟು ಹೊಡೆದಿತ್ತು.

“ಇದೆಲ್ಲಿ?” ಅಂದಳು.

“ಕಳೆದುಹೋಯ್ತು.”

ಅವಳು ಹತ್ತಿರ ಬಂದು ನನ್ನ ಶಾಲಿನ ತುದಿ ಹಿಡಿದು ಮೂಸಿದಳು. “ವಿನೆಗರ್ ವಾಸನೆ. ಹಳೆ ಟೇಪು ಕೊಳೆಯೋಕೆ ಶುರುವಾದ್ರೆ ಹೀಗೇ ನಾರೋದು. ನಿಮ್ಮ ಬೀರುವಿನಲ್ಲಿದೆ, ಬಟ್ಟೆ ಕೆಳಗೆ. ಹೌದೋ ಅಲ್ವೋ?”

ನಾನು ಶಾಲನ್ನು ಅವಳ ಕೈಯಿಂದ ಬಿಡಿಸಿಕೊಂಡೆ.

“ಯಾಕಿಟ್ಕೊಂಡಿದ್ದೀರಿ ಅಂತ ನಾನು ಕೇಳಲ್ಲ. ಆದ್ರೆ ಇಷ್ಟು ವಾಸನೆ ಬಂದಿದೆ ಅಂದ್ರೆ ಅದು ಇನ್ನು ಒಂದು ಸಲ ಓಡುತ್ತೆ. ಆ ಒಂದು ಸಲದಲ್ಲಿ ನಾನು ಹಿಡಿದ್ರೆ ಹಿಡಿದ ಹಾಗೆ. ಇನ್ನೊಂದು ಚಳಿಗಾಲ ಬೀರುವಿನಲ್ಲಿಟ್ರೆ ಅದೂ ಇಲ್ಲ, ಪುಡಿ ಆಗುತ್ತೆ.”

ಹೌದು ನೆಹಾಮಾ, ನನ್ನ ಬೀರುವಿನಲ್ಲಿ ಒಂದು ಟೇಪು ಇದೆ. ಅದರಲ್ಲಿರುವುದು ನಿಜವಾದ ಹಾಡು. ಒಂಬತ್ತರ ರಾತ್ರಿಯ ಹಾಡು, ಮೊದಲಿನಿಂದ ಕೊನೆಯವರೆಗೆ, ನಿನ್ನ ಅಜ್ಜಿ ಹಾಡಿದ್ದು. ಅದನ್ನು ಬಲ್ಲ ಕೊನೆಯ ಹೆಂಗಸು ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯಲ್ಲೇ ಸತ್ತಳು. ನಾನು ಕಲಿಯಲಿಲ್ಲ. ನಾನು ಟೈಪು ಮಾಡುತ್ತಿದ್ದೆ. ಈ ಜಗತ್ತಿನಲ್ಲಿ ಆ ಹಾಡು ಉಳಿದಿದ್ದರೆ ಅದು ನನ್ನ ಉಣ್ಣೆಯ ಬಟ್ಟೆಗಳ ಕೆಳಗೆ, 38ರ ಅಳತೆಯ ಒಂದು ಡಬ್ಬಿಯಲ್ಲಿ.

ಅದನ್ನು ಕೊಟ್ಟರೆ ಟ್ರಾಯ್‌ಮನ್ ತೂಗು ಗಾಳಿಗೆ ಹೋಗುತ್ತದೆ, ಸುಳ್ಳು ಭಾಷಾಂತರ ಮಾಡಿದ ನಾನು ಊರಿಗೆಲ್ಲ ನಗೆಪಾಟಲಾಗುತ್ತೇನೆ. ಅದಕ್ಕೆ ನಾನು ಹೆದರುವವಳಲ್ಲ. ಲಿಪ್ಕಿನ್ನನ ಮುಖ ಇಳಿಯುವುದನ್ನು ನೋಡಲು ಟಿಕೆಟು ಕೊಂಡಾದರೂ ಹೋಗುತ್ತೇನೆ. ಕೊಡದೆ ಇಟ್ಟುಕೊಂಡ ಕಾರಣ ಅದಲ್ಲ.

ಲ್ಯುಬಾಳ ಜೊತೆ ಮಾತಾಡಿದ್ದೇನೆ. ಜುಲೈ ಇಪ್ಪತ್ತೊಂದು, ಬುಧವಾರ. ಆ ಸಂಜೆ ಸೂರ್ಯ ಮುಳುಗಿದರೆ ಆವ್ ಒಂಬತ್ತು. ಸಂಸ್ಥೆಯಲ್ಲಿ ಯಾರೂ ಇರುವುದಿಲ್ಲ, ಅವಳು ತನ್ನ ಕೋಣೆ ತೆರೆದಿಟ್ಟು ನಮಗಾಗಿ ಕಾಯುತ್ತಾಳೆ. ಅದು ಆ ಹಾಡಿನದೇ ದಿನ. ಅವತ್ತು ಅದನ್ನು ಕೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ನಿನಗೆ ಗೊತ್ತು. ಆದರೂ ಅವತ್ತೇ ಆಗಲಿ.

ನೀನು ಬರಬೇಕು. ಬಂದರಿನ ಕಚೇರಿಯಲ್ಲಿ ರಜೆ ಕೊಡದಿದ್ದರೆ ಅತ್ತೆ ಸಾಯಲು ಬಿದ್ದಿದ್ದಾಳೆ ಎಂದು ಹೇಳು. ಈ ವಯಸ್ಸಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ಮಗನನ್ನೂ ಕರೆದುಕೊಂಡು ಬಾ. ಓಡುವ ಒಂದು ಸಲ ನಾವು ಮೂವರು ಕೂತು ಕೇಳೋಣ. ಆಮೇಲೆ ಅದನ್ನು ಸಂಸ್ಥೆಗೆ ಕೊಡಬೇಕೋ, ನಿನ್ನ ಮನೆಗೆ ಒಯ್ಯಬೇಕೋ, ಸುಡಬೇಕೋ, ನೀನೇ ಹೇಳು. ನಾನು ಎದುರಾಡುವುದಿಲ್ಲ. ನಾನು ಎದುರಾಡದೆ ಇರುವುದನ್ನು ನೋಡುವುದಕ್ಕಾದರೂ ಬಾ.

ಹುಡುಗನ ಕೆಮ್ಮು ಹೇಗಿದೆ? ಸಮುದ್ರದ ಗಾಳಿಗೆ ಎದೆ ತೆರೆದು ಓಡಾಡಲು ಬಿಡಬೇಡ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳು ಕೇಳಿಸಿಕೊಳ್ಳುವ ಹಾಗಿದ್ದರೆ. ನಿಮ್ಮ ಮನೆಯ ದೀಪ ಆರದಿರಲಿ, ನಿಮ್ಮ ಬಾಗಿಲಿಗೆ ಒಳ್ಳೆಯವರೇ ಬರಲಿ, ನಿನ್ನ ಮಗ ನಿನ್ನನ್ನು ನಿನ್ನ ಮುಪ್ಪಿನಲ್ಲೂ ಗೋಳುಹೊಯ್ದುಕೊಳ್ಳುವಷ್ಟು ಆಯುಷ್ಯ ಅವನಿಗಿರಲಿ.

ನಿನ್ನ
ನಾಜೆ ಅತ್ತೆ

ಮರೆತಿದ್ದು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಾಗದವನ್ನು ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ.

ಆ ಟೇಪು ಮಾಡಿದ್ದು 1964ರ ಡಿಸೆಂಬರಿನಲ್ಲಿ. ಹನುಕ್ಕಾ ಹಬ್ಬ ಮುಗಿದು ಒಂದು ವಾರವಾಗಿತ್ತು. ಆವ್ ತಿಂಗಳಿಗೆ ಇನ್ನೂ ಅರ್ಧ ವರ್ಷಕ್ಕೂ ಮೇಲಿತ್ತು. ಪ್ರೊಫೆಸರ್ ವಿಯೆನ್ನಾಕ್ಕೆ ಹೋಗಿದ್ದರು. ಬೆಣ್ಣೆಯ ಹಾಡಿಗೆ ಅಲ್ಲಿ ಚಪ್ಪಾಳೆ ಬೀಳುತ್ತಿದೆ ಎಂದು ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇ ಯಂತ್ರವನ್ನು ಮನೆಗೆ ತಂದೆ. ನಿಜವಾದ ಹಾಡು ಹಾಡದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ನಿನ್ನ ಅಜ್ಜಿಗೆ ಸುಳ್ಳು ಹೇಳಿದೆ. ಮೂರು ದಿನ ಪೀಡಿಸಿದೆ, ಊಟ ಬಿಟ್ಟೆ, ಕಾಡುಹೆಂಗಸು ಎಂದು ಕೂಡ ಕರೆದೆ. ನಾಲ್ಕನೆಯ ದಿನ ಅವಳು ಕಿಟಕಿಗಳನ್ನೆಲ್ಲ ಮುಚ್ಚಿ, ನೆಲದ ಮೇಲೆ ಕೂತು ಹಾಡಿದಳು.

ಹನ್ನೊಂದು ದಿನಕ್ಕೆ ನಿನ್ನ ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದ. ಇಪ್ಪತ್ತಮೂರು ವರ್ಷ. ನೀನು ಹೊಟ್ಟೆಯಲ್ಲಿದ್ದೆ. ಮೇ ತಿಂಗಳಲ್ಲಿ ನೀನು ಹುಟ್ಟಿದಾಗ ನಿನಗೆ ನೆಹಾಮಾ, ಸಮಾಧಾನ, ಎಂದು ಹೆಸರಿಟ್ಟವಳು ನಿನ್ನ ಅಜ್ಜಿಯೇ.

ಅವಳು ನನ್ನನ್ನು ಬೈಯಲಿಲ್ಲ. ಹಾಡಿದ ವಿಷಯವನ್ನು ಯಾರಿಗೂ ಹೇಳಲಿಲ್ಲ, ನಿನ್ನ ಅಮ್ಮನಿಗೂ ಹೇಳಲಿಲ್ಲ. ಆದರೆ ಆಮೇಲೆ ಬದುಕಿದ ಹದಿಮೂರು ವರ್ಷದಲ್ಲಿ ‘ನಿನಗೆ ಬರೋದೆಲ್ಲ ನನಗೇ ಬರಲಿ’ ಎಂದು ಒಂದೇ ಒಂದು ಸಲ ನನಗೆ ಹೇಳಲಿಲ್ಲ. ಅಂಚೆಯವನಿಗೆ ಹೇಳುತ್ತಿದ್ದಳು, ಬೀದಿಯ ಬೆಕ್ಕಿಗೂ ಹೇಳುತ್ತಿದ್ದಳು. ಸಾಯುವ ಮುಂಚೆ ನಾನು ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕಾದೆ. ನೀರು ಕೇಳಿದಳು, ಅಷ್ಟೇ.

ನಾನು ನಂಬುವುದಿಲ್ಲ. ಹಲಗೆ ಕೊಳೆತಿತ್ತು, ಮುರ್ದಾಖ್ ಮಾಮ ಕಣ್ಣಾರೆ ನೋಡಿದ್ದಾನೆ. ನಂಬದೆ ಹೋದರೂ ಮೂವತ್ತನಾಲ್ಕು ವರ್ಷ ಆ ಟೇಪನ್ನು ಒಂದು ಸಲವೂ ಹಾಕಿ ಕೇಳಲಿಲ್ಲ.

ಇನ್ನೊಂದು ಇದೆ. ಹಾಡು ಮುಗಿದ ಮೇಲೂ ನಾನು ಯಂತ್ರ ನಿಲ್ಲಿಸಿರಲಿಲ್ಲ. ಸುರುಳಿ ತಿರುಗುತ್ತಲೇ ಇತ್ತು. ಆಗ ಬಾಗಿಲು ತಳ್ಳಿಕೊಂಡು, ಕಲ್ಲಿನ ಪುಡಿ ಕೊಡವುತ್ತಾ ಕೆಲಸದಿಂದ ನಿನ್ನ ಅಪ್ಪ ಬಂದ. ಆ ಟೇಪಿನಲ್ಲಿ ಅವನ ದನಿ ಇದೆ, ನೆಹಾಮಾ. ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ನಿನಗೆ ಒಂಬತ್ತು ವರ್ಷವಿದ್ದಾಗ ನನ್ನ ಮಂಚದ ಮೇಲೆ ಮಲಗಿ “ಅಪ್ಪನ ದನಿ ಹೇಗಿತ್ತು ಅತ್ತೆ?” ಎಂದು ಕೇಳಿದ್ದೆ. “ಎಲ್ಲರ ಹಾಗೇ ಇತ್ತು, ಮಲಕ್ಕೋ,” ಎಂದು ಹೇಳಿ ದೀಪ ಆರಿಸಿದೆ. ಬೀರು ಆ ಮಂಚದ ಪಕ್ಕದಲ್ಲೇ ಇತ್ತು. ನಿನಗೆ ಕೇಳಿಸಬೇಕೆಂದರೆ ಅವನ ದನಿಯ ಹಿಂದೆಯೇ ಬರುವ ನನ್ನ ದನಿಯನ್ನೂ ಕೇಳಿಸಬೇಕಿತ್ತು.

ಅವನು ಬಾಗಿಲಲ್ಲಿ ನಿಂತು, ಅಮ್ಮನ ಮುಖ ನೋಡಿ ಕೇಳುತ್ತಾನೆ: “ಅಮ್ಮ ಯಾಕೆ ಅಳ್ತಿದ್ದಾಳೆ? ಯಾರು ಸತ್ತಿದ್ದು?”

ನಾನು ನಗುತ್ತಾ ಹೇಳುತ್ತೇನೆ: “ಇನ್ನೂ ಯಾರೂ ಸತ್ತಿಲ್ಲ ಕಣೋ, ಬಾಗಿಲು ಹಾಕು.”